ಜಟ್ಟಿ ಕೈ ತೊಳೆದ ಕತೆ

"ಗುರುಗಳೇ, ನಮ್ಮ ರಕ್ತದಲ್ಲಿ ಬಿಳಿಯ ಕಣಗಳಿವೆ, ರೋಗಾಣು ಒಳಗೆ ಬಂದರೆ ಹಿಡಿದು ನುಂಗುತ್ತವೆ ಎಂದಿರಿ. ಹಾಗಿದ್ದರೆ ಔಷಧಿಯಿಲ್ಲದ ಕಾಲದಲ್ಲಿ ನ್ಯುಮೋನಿಯಾ ಬಂದವನು ಏಳು ದಿನ ಏಕೆ ಬೇಯುತ್ತಿದ್ದ? ಬದುಕುವವನಾದರೆ ಏಳನೆಯ ದಿನ ಬೆವರೊಡೆದು ಜ್ವರ ಇಳಿಯುತ್ತಿತ್ತಂತೆ. ನುಂಗುವವರು ಮೊದಲ ದಿನವೇ ನುಂಗಬಾರದಿತ್ತೆ? ಆರು ದಿನ ಏನು ಮಾಡುತ್ತಿದ್ದರು?"

ಕೇಳಿದವನು ವೈದ್ಯ ಕಲಿಯುತ್ತಿದ್ದ ಶಿಷ್ಯ. ಗುರು ವಯಸ್ಸಾದ ವೈದ್ಯರು. ಮಾತು ಕಡಿಮೆ. ರೋಗಿಗೆ "ನಾಲಿಗೆ ತೋರಿಸು" ಎನ್ನುವರು. ಶಿಷ್ಯನಿಗೆ "ಓದು" ಎನ್ನುವರು. ಅಲ್ಲಿಗೆ ಆ ದಿನದ ಮಾತು ಮುಗಿಯುತ್ತಿತ್ತು.

"ಕೂತುಕೋ," ಎಂದರು.

ಶಿಷ್ಯ ಕೂತ. ಗುರು ಕತೆ ಹೇಳಿದರು.

ಸೋಮವಾರ ನಡುಮಧ್ಯಾಹ್ನ ಒಬ್ಬ ಕಳ್ಳ ಒಂದು ಊರಿನ ಬಾಗಿಲಿಗೆ ಬಂದ. ಊರಿನ ಸುತ್ತ ಗೋಡೆಯಿತ್ತು. ಗೋಡೆಗೆ ಇದ್ದದ್ದು ಒಂದೇ ಬಾಗಿಲು. ಬಾಗಿಲಿಗೆ ಅಂಟಿಕೊಂಡು ಗರಡಿ ಮನೆ. ಗರಡಿಯಲ್ಲಿ ಏಳು ಮಂದಿ ಜಟ್ಟಿಗಳು. ಅವರು ಕುಡಿಯುವ ಹಾಲು, ತಿನ್ನುವ ತುಪ್ಪ, ಬಾದಾಮಿ ಎಲ್ಲ ಊರಿನದು. ಬಾಗಿಲು ಕಾಯುವ ಕೆಲಸ ಅವರದು. ಬಹಳ ವರ್ಷಗಳಿಂದ ಯಾವ ಕಳ್ಳನೂ ಬಂದಿರಲಿಲ್ಲ. ಆದ್ದರಿಂದ ಹಾಲು ಕುಡಿಯುವುದೇ ಮುಖ್ಯ ಕೆಲಸವಾಗಿತ್ತು.

ಹಿರಿಯ ಜಟ್ಟಿ ಬಾಗಿಲಲ್ಲಿ ಕೂತಿದ್ದ. ಬಂದವನನ್ನು ನೋಡಿದ. ಸೊಂಟದಲ್ಲಿ ಲಂಗೋಟಿ, ಬೇರೇನಿಲ್ಲ. ಮೈ ನೆತ್ತಿಯಿಂದ ಅಂಗಾಲಿನವರೆಗೆ ಮಿರಮಿರ ಮಿಂಚುತ್ತಿತ್ತು. ಲಂಗೋಟಿ ಕಂಡು ಜಟ್ಟಿಗೆ ಸಂತೋಷವಾಯಿತು. ಯಾರೋ ಕುಸ್ತಿಗೆ ಬಂದಿದ್ದಾನೆ ಎಂದುಕೊಂಡ.

"ಯಾವ ಗರಡಿ?" ಎಂದ.

"ಗರಡಿ ಇಲ್ಲ ಪೈಲ್ವಾನರೇ. ನಾನು ಕಳ್ಳ."

ಜಟ್ಟಿ ಎದ್ದು ತೊಡೆ ತಟ್ಟಿದ. ಆ ಸದ್ದಿಗೆ ಬೇವಿನ ಮರದ ಕಾಗೆಗಳು ಹಾರಿದವು. ಆಮೇಲೆ ಕೈ ಚಾಚಿದ. ಪಟ್ಟು ಹಾಕುವ ಮುಂಚೆ ಎದುರಾಳಿಯ ಕೈ ಮುಟ್ಟಿ ಸಲಾಮಿ ಮಾಡಬೇಕು. ಅದು ಗರಡಿಯ ನಿಯಮ. ಎದುರಾಳಿ ಕಳ್ಳನಾದರೂ ನಿಯಮ ನಿಯಮವೇ. ಕಳ್ಳ ವಿನಯದಿಂದ ಜಟ್ಟಿಯ ಕೈ ಮುಟ್ಟಿದ, ಕಣ್ಣಿಗೊತ್ತಿಕೊಂಡ, ಅವನ ಕಂಕುಳ ಕೆಳಗೆ ನುಗ್ಗಿ ಊರೊಳಕ್ಕೆ ಹೋದ.

ಜಟ್ಟಿ ತಿರುಗಿ ಸೊಂಟ ಹಿಡಿದ. ಸೊಂಟ ಜಾರಿತು. ತೋಳು ಹಿಡಿದ. ತೋಳು ಜಾರಿತು. ಬಿದ್ದುಕೊಂಡೇ ಕಾಲು ಹಿಡಿದ.

"ಛೆ ಛೆ, ದೊಡ್ಡವರು ನೀವು, ಕಾಲು ಹಿಡೀಬಾರ್ದು," ಎಂದು ಕಳ್ಳ ಕಾಲೆಳೆದುಕೊಂಡ.

ನೇರ ಗೌಡನ ಮನೆಗೆ ಹೋದ. ಒಲೆಯ ಮೇಲೆ ಮುದ್ದೆಯ ಪಾತ್ರೆಯಿತ್ತು, ಪಕ್ಕದಲ್ಲಿ ಸಾರಿನ ಪಾತ್ರೆಯಿತ್ತು. ಒಂದರ ಮೇಲೊಂದು ಇಟ್ಟು ತಲೆಯ ಮೇಲೆ ಹೊತ್ತುಕೊಂಡು, ತಾನು ನುಗ್ಗಿದ್ದ ಬಾಗಿಲಿಗೇ ಹಿಂತಿರುಗಿದ. ಜಟ್ಟಿ ಅಡ್ಡ ನಿಂತು ಎರಡು ತೋಳಿನಿಂದ ತಬ್ಬಿದ. ಕಳ್ಳ ಹಿತಕಿದ ಅವರೆಕಾಳಿನಂತೆ ತೋಳಿನೊಳಗಿಂದ ಚಿಮ್ಮಿ ಆಚೆ ಬಿದ್ದ. ಸಾರು ಒಂದು ಹನಿ ಚೆಲ್ಲಲಿಲ್ಲ.

"ಬರ್ತೀನಿ ಪೈಲ್ವಾನರೇ," ಎಂದ. "ನಾಳೆ ತಮ್ಮನ್ನೂ ಕರ್ಕೊಂಡು ಬರ್ತೀನಿ. ಅವನಿಗೆ ನನಗಿಂತ ಹಸಿವು ಜಾಸ್ತಿ."

ಜಟ್ಟಿ ತನ್ನ ಅಂಗೈ ನೋಡಿಕೊಂಡ. ಎಣ್ಣೆ ಬೆರಳ ಸಂದಿಯಲ್ಲಿ ಇಳಿಯುತ್ತಿತ್ತು.

ಗರಡಿಯಲ್ಲಿ ಇನ್ನೊಂದು ನಿಯಮವಿತ್ತು. ತಪ್ಪಿದ ಪಟ್ಟನ್ನು ಬಾಯಿ ಬಿಡಬಾರದು. ಪಟ್ಟು ತಪ್ಪಿದವನು ಕೈ ತೊಳೆದುಕೊಂಡು, ಹನುಮಂತರಾಯನಿಗೆ ಕೈಮುಗಿದು, ಸುಮ್ಮನಿರಬೇಕು. ಜಟ್ಟಿಯ ಅಜ್ಜ ಹಾಗೆ ಮಾಡಿದ್ದ. ಅಪ್ಪ ಹಾಗೆ ಮಾಡಿದ್ದ. ಜಟ್ಟಿ ಕೆರೆಗೆ ಹೋದ. ಕೆರೆಯ ಮಣ್ಣು ಹಾಕಿ ಮೊಣಕೈವರೆಗೆ ಉಜ್ಜಿದ. ಮೂರು ಸಲ ತೊಳೆದ. ಕೈ ಹೊಸ ತಟ್ಟೆಯಂತಾಯಿತು. ಆಮೇಲೆ ಗೌಡನ ಮುಂದೆ ಹೋಗಿ ನಿಂತ.

ಗೌಡ ಊಟವಿಲ್ಲದೆ ಕೂತಿದ್ದ.

"ಹೆಂಗಯ್ಯ ಬಿಟ್ಟೆ?"

"ಸಣ್ಣ ಆಳು ಗೌಡ್ರೆ. ಕಣ್ತಪ್ಪಿಸಿ ನುಸುಳಿದ."

"ಮೈಮೇಲೆ ಕೈ ಹಾಕಿದೆಯಾ ಇಲ್ವಾ?"

"ಹಾಕೋಷ್ಟರಲ್ಲಿ ಹೋಗಿದ್ದ."

ಗೌಡ ಅವನ ಕೈ ನೋಡಿದ. ಶುದ್ಧವಾಗಿತ್ತು. ತನ್ನ ತಟ್ಟೆ ನೋಡಿಕೊಂಡ. ಅದೂ ಶುದ್ಧವಾಗಿತ್ತು.

"ಕೇಳಪ್ಪಾ," ಎಂದ. "ಬರೋ ಸೋಮವಾರದ ತನಕ ನೋಡ್ತೀನಿ. ಹಿಡೀಲಿಲ್ಲ ಅಂದ್ರೆ ಗರಡೀಲಿ ನನ್ನ ಎಮ್ಮೆ ಕಟ್ತೀನಿ. ನೀವೂ ಮಲಗ್ತೀರಿ, ಎಮ್ಮೇನೂ ಮಲಗತ್ತೆ. ಆದ್ರೆ ನೀವು ಹಾಲು ಕುಡೀತೀರಿ, ಎಮ್ಮೆ ಕೊಡತ್ತೆ."

ಜಟ್ಟಿಗೆ ಗರಡಿ ಬಿಟ್ಟರೆ ಬೇರೆ ಮನೆಯಿರಲಿಲ್ಲ. ಬೇರೆ ವಿದ್ಯೆಯೂ ಇರಲಿಲ್ಲ. ಅಖಾಡದ ಆ ಕೆಮ್ಮಣ್ಣನ್ನು ಅವನ ಅಜ್ಜ ಜರಡಿ ಹಿಡಿದು ತುಂಬಿಸಿದ್ದ. ಮಜ್ಜಿಗೆ, ಅರಿಶಿನ, ಎಣ್ಣೆ ಬೆರೆಸಿ ಹದ ಮಾಡಿದ ಮಣ್ಣು. ಬರಿಗಾಲಲ್ಲದೆ ಯಾರೂ ಅದನ್ನು ತುಳಿದಿರಲಿಲ್ಲ. ಅದರ ಮೇಲೆ ಎಮ್ಮೆ ನಿಂತು ಗಂಜಲ ಹೊಯ್ಯುವುದನ್ನು ನೆನೆದು ಜಟ್ಟಿಗೆ ಹಾಲು ಇಳಿಯಲಿಲ್ಲ. ಮೂರು ಸೇರು ಕುಡಿಯುವವನು ಎರಡೇ ಸೇರು ಕುಡಿದ.

ಮಂಗಳವಾರ ಇಬ್ಬರು ಬಂದರು. ತಮ್ಮನೂ ಮಿಂಚುತ್ತಿದ್ದ. ಜಟ್ಟಿ ಈ ಸಲ ಸಲಾಮಿ ಬಿಟ್ಟ. ನೇರ ಪಟ್ಟು ಹಾಕಿದ. ಅಜ್ಜ ಕಲಿಸಿದ ಪಟ್ಟು ಜಾರಿತು, ಅಪ್ಪ ಕಲಿಸಿದ ಪಟ್ಟು ಜಾರಿತು, ತಾನೇ ಕಂಡುಹಿಡಿದು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಪಟ್ಟೂ ಜಾರಿತು. ಅಣ್ಣತಮ್ಮಂದಿರು ಎರಡು ಮನೆಯ ಊಟ ಹೊತ್ತುಕೊಂಡು ಹೋದರು. ಜಟ್ಟಿ ಕೆರೆಗೆ ಹೋಗಿ ಕೈ ತೊಳೆದ.

ಪಟ್ಟು ಜಾರಿದರೆ ಬಲ ಸಾಲದು ಎಂದು ಅರ್ಥ. ಜಟ್ಟಿಗಳು ತಿಳಿದದ್ದು ಅಷ್ಟೆ. ಆ ಸಂಜೆ ಏಳೂ ಜನ ಸಾವಿರ ದಂಡ, ಸಾವಿರ ಬಸ್ಕಿ ಹೊಡೆದರು. ಹಾಲು ಎರಡರಷ್ಟು ತರಿಸಿದರು. ಬಾದಾಮಿ ಮೂರರಷ್ಟು ತರಿಸಿದರು. ಊರಿನಲ್ಲಿ ಕಳ್ಳರು ಬಿಟ್ಟದ್ದನ್ನು ಜಟ್ಟಿಗಳು ತಿಂದರು. ಜಟ್ಟಿಗಳು ಬಿಟ್ಟದ್ದನ್ನು ಊರಿನವರು ಹುಡುಕಿದರು.

ಬುಧವಾರ ನಾಲ್ವರು ಬಂದರು. ಏಳು ಜಟ್ಟಿಗಳೂ ಬಾಗಿಲಿಗೆ ಅಡ್ಡಲಾಗಿ ತೋಳಿಗೆ ತೋಳು ಸೇರಿಸಿ ನಿಂತರು. ಗಾಳಿಯೂ ಒಳಗೆ ಬರದ ಹಾಗೆ ನಿಂತರು. ಕಳ್ಳರು ಓಡಿ ಬಂದು ಹೊಟ್ಟೆಯ ಮೇಲೆ ಜಾರಿ ಅವರ ಕಾಲ ನಡುವೆ ಒಳಗೆ ಹೋದರು. ಮಾಳಿಗೆಯ ಮೇಲಿಂದ ಯಾರೋ ಪುಣ್ಯಾತ್ಮಳು ಕಳ್ಳರ ಮೇಲೆ ಎರಡು ಕೊಡ ನೀರು ಸುರಿದಳು. ಬೀದಿಯಲ್ಲಿ ನೀರು ಮತ್ತು ಎಣ್ಣೆ ಬೆರೆತವು. ಆಮೇಲೆ ಕಳ್ಳರು ಓಡುವ ಶ್ರಮವನ್ನೂ ಪಡಲಿಲ್ಲ. ನಿಂತಲ್ಲೇ ನಿಂತು ಜಾರಿಕೊಂಡು ಮನೆಮನೆಗೆ ಹೋದರು. ಹಿಂದೆ ಹೋದ ಜಟ್ಟಿಗಳು ಒಬ್ಬರ ಮೇಲೊಬ್ಬರು ಬಿದ್ದರು.

ಆ ಗುಂಪಿನಲ್ಲಿ ಹಿರಿಯ ಜಟ್ಟಿಗೆ ಒಂದು ಕುತ್ತಿಗೆ ಸಿಕ್ಕಿತು. ಜಾರಲಿಲ್ಲ. ಅವನಿಗೆ ಆನಂದವಾಯಿತು. ಕಣ್ಣು ಮುಚ್ಚಿ ಬಿಗಿದ. ಎತ್ತಿ ನೆಲಕ್ಕೆ ಅಪ್ಪಳಿಸಿ ಎದೆಯ ಮೇಲೆ ಕೂತ. "ಚಿತ್!" ಎಂದು ಕೂಗಿದ. ಕಣ್ಣು ಬಿಟ್ಟು ನೋಡಿದರೆ ಕೆಳಗಿದ್ದವನು ಅವನದೇ ಶಿಷ್ಯ.

"ಉಸ್ತಾದರೇ, ನಾನು," ಎಂದ ಶಿಷ್ಯ.

"ಗೊತ್ತಾಯ್ತು. ಮೊದಲೇ ಹೇಳಬಾರ್ದಾ?"

"ಕುತ್ತಿಗೆ ನಿಮ್ಮ ಕೈಲಿತ್ತು."

ಮಾಳಿಗೆಯ ಮೇಲಿದ್ದವರು ಚಪ್ಪಾಳೆ ತಟ್ಟಿದರು. ಮೂರು ದಿನಗಳಲ್ಲಿ ಜಟ್ಟಿ ಬೀಳಿಸಿದವನು ಅವನೊಬ್ಬನೇ.

ಏಳು ಜನರೂ ಕೆರೆಗೆ ಹೋಗಿ ಸಾಲಾಗಿ ಕೂತು ಕೈ ತೊಳೆದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಗುರುವಾರ ಎಂಟು ಮಂದಿ ಬಂದು, ಉಂಡು, ಹೋದರು. ಜಟ್ಟಿ ಕೆರೆಯ ಕಡೆ ಹೊರಟ. ಕೆರೆ ಏರಿಯ ಮೇಲೆ ಗೌಡ ನಿಂತಿದ್ದ. ಜೊತೆಗೆ ಎಮ್ಮೆಯಿತ್ತು. ಗರಡಿಯ ಬಾಗಿಲಲ್ಲಿ ಎಮ್ಮೆ ಹಿಡಿಸುತ್ತದೋ ಇಲ್ಲವೋ ಎಂದು ಗೌಡ ದಾರದಲ್ಲಿ ಎಮ್ಮೆಯ ಅಗಲ ಅಳೆಯುತ್ತಿದ್ದ.

ಜಟ್ಟಿ ಹಿಂದಕ್ಕೆ ತಿರುಗಿದ. ಎಣ್ಣೆ ಕೈಯನ್ನು ಪಂಚೆಯಲ್ಲಿ ಸುತ್ತಿಕೊಂಡು ಹಿಂದಿನ ಓಣಿಗೆ ನುಗ್ಗಿದ. ಆ ಓಣಿಯಲ್ಲಿ ನೀರು ಹಾಕುವ ಅಜ್ಜಿಯ ಮನೆಯಿತ್ತು.

ಊರಿನಲ್ಲಿ ಯಾವ ಮಗು ಹುಟ್ಟಿದರೂ ಎಣ್ಣೆ ತಿಕ್ಕಿ ನೀರು ಹಾಕುವವಳು ಈ ಅಜ್ಜಿ. ಎರಡು ಕಾಲು ನೀಡಿ, ಕಾಲ ಮೇಲೆ ಮಗುವನ್ನು ಬೋರಲು ಹಾಕಿಕೊಂಡು, ಎಣ್ಣೆ ಸುರಿದು ತಿಕ್ಕುತ್ತಿದ್ದಳು. ಎಣ್ಣೆ ಮೆತ್ತಿದ ಕೂಸಿಗಿಂತ ಜಾರುವ ವಸ್ತು ಭೂಮಿಯ ಮೇಲಿಲ್ಲ. ಐವತ್ತು ವರ್ಷಗಳಲ್ಲಿ ಅವಳ ಕೈಯಿಂದ ಒಂದು ಕೂಸೂ ಜಾರಿರಲಿಲ್ಲ.

ಅಜ್ಜಿ ಹಿತ್ತಲ ಕಲ್ಲಿನ ಮೇಲೆ ಒಂದು ಕೂಸಿಗೆ ನೀರು ಹಾಕುತ್ತಿದ್ದಳು. ಓಣಿಯಲ್ಲಿ ಹೋಗುತ್ತಿದ್ದ ಜಟ್ಟಿಯನ್ನು ನೋಡಿದಳು.

"ಲೋ, ಬಾರೋ ಇಲ್ಲಿ. ಆ ಚೆಂಬು ಕೊಡು. ಎರಡೂ ಕೈ ಮಗೂ ಮೇಲಿದೆ."

ಅಜ್ಜಿ ಕರೆದರೆ ಹೋಗಲೇಬೇಕು. ಜಟ್ಟಿ ಪಂಚೆಯಿಂದ ಕೈ ತೆಗೆದು ಚೆಂಬು ಎತ್ತಿದ. ಚೆಂಬು ಜಾರಿ ಕಲ್ಲಿನ ಮೇಲೆ ಬಿತ್ತು. ಮತ್ತೆ ಎತ್ತಿದ. ಮತ್ತೆ ಬಿತ್ತು.

ಅಜ್ಜಿ ಒಂದು ಕೈಯಲ್ಲಿ ಕೂಸನ್ನು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಜಟ್ಟಿಯ ಮಣಿಕಟ್ಟು ಹಿಡಿದಳು. ಜಟ್ಟಿ ಎಳೆದುಕೊಳ್ಳಲು ನೋಡಿದ. ಆಗಲಿಲ್ಲ. ಅವನಿಗೆ ಆಶ್ಚರ್ಯವಾಯಿತು. ಇನ್ನೊಂದು ಸಲ ಎಳೆದ. ಅಜ್ಜಿ ಅಲುಗಲಿಲ್ಲ. ಕೂಸೂ ಅಲುಗಲಿಲ್ಲ. ಅಜ್ಜಿ ಅವನ ಅಂಗೈಯನ್ನು ಮೂಗಿನ ಹತ್ತಿರ ತಂದು ಮೂಸಿದಳು.

"ಹರಳೆಣ್ಣೆ," ಎಂದಳು. ಮತ್ತೆ ಮೂಸಿದಳು. "ಹಿಪ್ಪೆ ಎಣ್ಣೇನೂ ಇದೆ. ಒಂದಿಷ್ಟು ಜೇನುಮೇಣ ಕಾಯಿಸಿ ಹಾಕವ್ರೆ. ಯಾರಿದು?"

"ಕಳ್ಳರು."

"ಅಯ್ಯೋ ನಿನ್ನ! ಸಣ್ಣ ಆಳು, ಕಣ್ತಪ್ಪಿಸಿ ನುಸುಳ್ತಾನೆ ಅಂತ ಊರೆಲ್ಲಾ ಹೇಳ್ಕೊಂಡು ಬಂದ್ಯಲ್ಲ? ಎಣ್ಣೆ ಹಚ್ಕೊಂಡು ಬರ್ತಾರೆ ಅಂತ ಯಾಕೋ ಹೇಳ್ಲಿಲ್ಲ?"

"ತಪ್ಪಿದ ಪಟ್ಟು ಬಾಯಿ ಬಿಡಬಾರ್ದು ಅಜ್ಜಿ. ಗರಡಿ ನಿಯಮ."

"ಕೈ ಏನ್ ಮಾಡ್ದೆ ಇಷ್ಟು ದಿನ?"

"ತೊಳೀತಿದ್ದೆ."

ಅಜ್ಜಿ ಅವನ ಮಣಿಕಟ್ಟು ಬಿಟ್ಟಳು.

"ನಿನ್ನನ್ನೂ ಈ ಕಾಲ ಮೇಲೇ ಹಾಕ್ಕೊಂಡು ತಿಕ್ಕಿದೀನಿ ಕಣೋ," ಎಂದಳು. "ತಲೆ ಮಾತ್ರ ಸರಿಯಾಗಿ ತಿಕ್ಕಿಲ್ಲ ಅನ್ಸುತ್ತೆ. ಕೂತ್ಕೋ."

ಕೂಸನ್ನು ಒರೆಸಿ ತಾಯಿಯ ಕೈಗೆ ಕೊಟ್ಟು ಅಜ್ಜಿ ಒಳಗೆ ಹೋದಳು. ಗೋಡೆಯ ಪಕ್ಕ ಸಾಲಾಗಿ ಕುಡಿಕೆಗಳಿದ್ದವು. ಒಂದೊಂದು ಮನೆಯಲ್ಲಿ ಒಂದೊಂದು ಎಣ್ಣೆ. ಒಂದೊಂದು ಎಣ್ಣೆಗೆ ಒಂದೊಂದು ಪುಡಿ. ಅಜ್ಜಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಇಟ್ಟಿದ್ದಳು. ಬಹಳಷ್ಟು ಕುಡಿಕೆಗಳು ವರ್ಷಗಟ್ಟಲೆ ಬಾಯಿ ತೆರೆದಿರಲಿಲ್ಲ.

ಜಟ್ಟಿಯ ಅಂಗೈ ಮೇಲೆ ಕಡಲೆಹಿಟ್ಟು ಹಾಕಿ ಬೆರಳಿನಿಂದ ಎಳೆದಳು. ಜಾರಿತು. ಹೆಸರುಹಿಟ್ಟು ಹಾಕಿದಳು. ಜಾರಿತು. ಬೂದಿ ಹಾಕಿದಳು. ಕೆಸರಾಗಿ ಜಾರಿತು. ಬರಿಯ ಸೀಗೆಪುಡಿ ಹಾಕಿದಳು. ಸ್ವಲ್ಪ ನಿಂತು ಜಾರಿತು. ಹೀಗೆ ಹನ್ನೊಂದು ಕುಡಿಕೆಯಾಯಿತು. ಹನ್ನೆರಡನೆಯದರಲ್ಲಿ ಸೀಗೆ, ಚಿಗರೆಸೊಪ್ಪು, ಹುರಿದ ರಾಗಿಹೊಟ್ಟು ಸೇರಿಸಿ ಕುಟ್ಟಿದ ಪುಡಿಯಿತ್ತು. ಒಂದು ಚಿಟಿಕೆ ಹಾಕಿ ಎಳೆದಳು. ಬೆರಳು ಅಲ್ಲೇ ನಿಂತಿತು.

"ಇದೇ," ಎಂದಳು.

ಜಟ್ಟಿ ಎದ್ದು ನಿಂತ. "ಕೊಡಜ್ಜಿ. ನಾಳೇನೇ ಅವರ ಮೇಲೆ ಎರಚ್ತೀನಿ."

ಅಜ್ಜಿ ಕುಡಿಕೆ ಬಗ್ಗಿಸಿ ತೋರಿಸಿದಳು. ತಳದಲ್ಲಿ ಒಂದು ಹಿಡಿಯಿತ್ತು.

"ಇವತ್ತು ಎಷ್ಟು ಜನ ಬಂದಿದ್ರು?"

"ಎಂಟು."

"ನಾಳೆ ಹದಿನಾರು. ನಾಡಿದ್ದು ಮೂವತ್ತೆರಡು. ಈ ಒಂದು ಹಿಡೀಲಿ ಒಬ್ಬನ ಬೆನ್ನು ಮುಚ್ಚಲ್ಲ. ಮೂಟೆಗಟ್ಟಲೆ ಬೇಕು. ಸೀಗೇಕಾಯಿ ಇನ್ನೂ ಹಸೀದು. ಮೇಲೆ ಮೋಡ. ಒಲೇಲಿ ಒಣಗಿಸಿ ಕುಟ್ಟಬೇಕು. ಹಗಲೂ ರಾತ್ರಿ ಕುಟ್ಟಿದ್ರೆ ಭಾನುವಾರಕ್ಕೆ ಆಗತ್ತೆ."

"ಅಲ್ಲೀವರೆಗೆ ನಾನೇನು ಮಾಡ್ಲಿ?"

"ಬಾಗಿಲಲ್ಲಿ ನಿಂತು ಜಾರ್ತಾ ಇರು. ನೀನು ಎಷ್ಟು ಸಲ ಜಾರ್ತೀಯೋ ಅಷ್ಟು ಹೊತ್ತು ಅವರಿಗೆ ತಡ. ಅದಕ್ಕೂ ಮೊದಲು ಗೌಡನ ಹತ್ರ ಹೋಗಿ ಆ ಕೈ ತೋರ್ಸು. ಗೌಡ ಹೇಳ್ದೆ ಊರ ಹೆಂಗಸರು ಒನಕೆ ಎತ್ತಲ್ಲ."

ಜಟ್ಟಿಗೆ ಆ ಮಾತು ಹಿಡಿಸಲಿಲ್ಲ. ಎಂಟು ಮಂದಿ ಕಳ್ಳರ ಮುಂದೆ ಬಿದ್ದದ್ದಕ್ಕಿಂತ ಇದು ಕಷ್ಟವಾಗಿ ಕಂಡಿತು. "ತೊಳ್ಕೊಂಡು ಹೋಗಿ ಬಾಯಲ್ಲೇ ಹೇಳ್ತೀನಿ," ಎಂದ.

"ತೊಳದ್ಯೋ, ಎಮ್ಮೆ ಕಟ್ಟೋಕೆ ನಾನೇ ಗೂಟ ತಂದು ಕೊಡ್ತೀನಿ," ಎಂದಳು ಅಜ್ಜಿ.

ಜಟ್ಟಿ ಊರ ನಡುಬೀದಿಯಲ್ಲಿ ಎರಡೂ ಅಂಗೈ ಮುಂದೆ ಚಾಚಿಕೊಂಡು ನಡೆದ. ನೋಡಿದವರು ಭಿಕ್ಷೆಗೆ ಹೊರಟಿದ್ದಾನೆ ಎಂದುಕೊಂಡರು. ಒಬ್ಬಳು ಕರುಣೆಯಿಂದ ಒಂದು ಬಾಳೆಹಣ್ಣು ಇಟ್ಟಳು. ಅದೂ ಜಾರಿ ಬಿತ್ತು. ಗೌಡ ಅವನ ಕೈ ಮುಟ್ಟಿ ನೋಡಿದ, ತನ್ನ ಬೆರಳು ಮೂಸಿದ, ಜಟ್ಟಿಯ ಮುಖ ನೋಡಿದ.

"ನಾಲ್ಕು ದಿನದಿಂದ ಇದೇನಾ?"

"ಇದೇ."

ಗೌಡ ಬೈಯಲು ಬಾಯಿ ತೆರೆದ. ಆದರೆ ಹಸಿವಾಗಿತ್ತು. ಡಂಗುರ ಹೊಡೆಸಿದ.

ಆ ಸಂಜೆ ಊರಿನ ಎಲ್ಲ ಒಲೆಗಳೂ ಹತ್ತಿದವು. ಸೀಗೇಕಾಯಿ ಹೇರಿ ಹೇರಿ ಒಣಗಿಸಿದರು. ಮನೆಯ ಮುಂದೆ ಒರಳು, ಒರಳಿಗೆ ಎರಡೆರಡು ಒನಕೆ. ಶುಕ್ರವಾರ ಊರು ಕಾವಲಿಯಂತೆ ಕಾದಿತು. ಶನಿವಾರ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಪುಡಿಯ ಘಾಟಿಗೆ ನಾಯಿಗಳೂ ಸೀನಿದವು. ಮಕ್ಕಳು ಅತ್ತರು. ಗೌಡ ಒದ್ದೆ ಬಟ್ಟೆಯನ್ನು ತಲೆಗೆ ಕಟ್ಟಿಕೊಂಡು ಅಜ್ಜಿಯ ಹತ್ತಿರ ಬಂದ.

"ಕಳ್ಳರಾದ್ರೂ ಊಟ ತಗೊಂಡು ಹೋಗ್ತಾರೆ. ನೀನು ಊರನ್ನೇ ಬೇಯಿಸ್ತಿದೀಯಲ್ಲವ್ವ!"

"ಒಲೆ ಆರಿಸ್ಲಾ?"

"ಬೇಡ ಬೇಡ," ಎಂದು ಗೌಡ ಹೋದ.

ಶುಕ್ರವಾರ ಹದಿನಾರು ಜನ ಬಂದರು. ಶನಿವಾರ ಮೂವತ್ತೆರಡು ಜನ ಬಂದರು. ಈಗ ಅವರು ಊಟ ಹೊತ್ತುಕೊಂಡು ಹೋಗುವುದನ್ನು ಬಿಟ್ಟಿದ್ದರು. ಜಗಲಿಯ ಮೇಲೇ ಎಲೆ ಹಾಕಿಸಿಕೊಂಡು ಕೂರುತ್ತಿದ್ದರು. ಒಬ್ಬ ಉಪ್ಪಿನಕಾಯಿ ಕೇಳಿದ. ಇನ್ನೊಬ್ಬ ಸಾರಿಗೆ ಉಪ್ಪು ಕಡಿಮೆ ಎಂದ. ಜಟ್ಟಿ ಬಾಗಿಲಲ್ಲಿ ಜಾರಿದ, ಬಿದ್ದ, ಎದ್ದ. ಮತ್ತೆ ಹಿಡಿದ, ಜಾರಿದ. ಶನಿವಾರ ಒಂದೇ ಮಧ್ಯಾಹ್ನ ನೂರು ಸಲ ಬಿದ್ದ. ಅವನಿಂದಾಗಿ ಕಳ್ಳರಿಗೆ ಊಟ ಎರಡು ಗಳಿಗೆ ತಡವಾಯಿತು. ಸಾರು ಆರಿಹೋಗಿದೆ ಎಂದು ಅವರು ಬೈದುಕೊಂಡರು. ಸಂಜೆ ಜಟ್ಟಿ ಕಳ್ಳರ ಎಣ್ಣೆ ಮೆತ್ತಿದ ಕೈಗೆ ಆ ಪುಡಿಯನ್ನೇ ಬಳಿದುಕೊಂಡು ಒನಕೆ ಹಿಡಿದ. ಒನಕೆ ಜಾರಲಿಲ್ಲ.

ಭಾನುವಾರ ಮಧ್ಯಾಹ್ನ ಅರವತ್ನಾಲ್ಕು ಜನ ಬಂದರು. ಬಿಸಿಲಿಗೆ ಅವರ ಮೈ ಹೊಳೆದು ಕಣ್ಣು ಕೋರೈಸಿತು. ಬೀದಿಯ ಎರಡೂ ಕಡೆ ಹೆಂಗಸರು ಮೊರ ಹಿಡಿದು ನಿಂತಿದ್ದರು. ಮೊರದ ತುಂಬ ಪುಡಿ. ಕಳ್ಳರಲ್ಲಿ ಹಿರಿಯವನು, ಸೋಮವಾರ ಬಂದವನು, ಅದನ್ನು ನೋಡಿ ನಿಂತ. ಅಕ್ಷತೆ ಎಂದುಕೊಂಡ.

"ನೋಡ್ರೋ," ಎಂದು ಹಿಂದಿನವರಿಗೆ ಹೇಳಿದ. "ಒಂದು ವಾರ ಹೋಗಿಬಂದು ಮಾಡಿದ್ರೆ ಎಂಥ ಊರೂ ನಮ್ಮದಾಗತ್ತೆ."

"ಹಾಕ್ರಮ್ಮಾ!" ಎಂದಳು ಅಜ್ಜಿ.

ಎಲ್ಲ ಮೊರಗಳೂ ಒಟ್ಟಿಗೆ ಎದ್ದವು. ಬೀದಿ ಕಾಣಲಿಲ್ಲ. ಸೀನು ಕೇಳಿಸಿತು, ಕೆಮ್ಮು ಕೇಳಿಸಿತು. ಪುಡಿ ಇಳಿದಾಗ ಬೀದಿಯಲ್ಲಿ ಅರವತ್ನಾಲ್ಕು ತಂಬಿಟ್ಟಿನ ಉಂಡೆಗಳು ಕಣ್ಣು ಉಜ್ಜಿಕೊಳ್ಳುತ್ತ ನಿಂತಿದ್ದವು.

ಜಟ್ಟಿ ಮುಂದೆ ಬಂದ. ತೊಡೆ ತಟ್ಟಿದ. ಕೈ ಚಾಚಿದ. ಹಿರಿಯ ಕಳ್ಳ ಉರಿಯುವ ಕಣ್ಣಿನಲ್ಲೇ ನಕ್ಕು, ಅಭ್ಯಾಸದಂತೆ ಕೈ ಕೊಟ್ಟ. ಹಿಂದಕ್ಕೆ ಎಳೆದುಕೊಂಡ. ಕೈ ಬರಲಿಲ್ಲ.

"ಪೈಲ್ವಾನರೇ, ಕೈ ಬಿಡಿ."

"ಹೆಂಗಿದೆ ಊಟ ನಮ್ಮೂರಲ್ಲಿ?"

"ಉಪ್ಪು ಸರಿಯಾಗಿದೆ ಪೈಲ್ವಾನರೇ. ಕೈ ಬಿಡಿ."

ಜಟ್ಟಿ ಅಜ್ಜ ಕಲಿಸಿದ ಪಟ್ಟು ಹಾಕಿದ. ಹಿಡಿಯಿತು. ಅವನಿಗೆ ಕಣ್ಣಲ್ಲಿ ನೀರು ಬಂತು. ಪುಡಿಯಿಂದ ಎಂದು ಆಮೇಲೆ ಹೇಳಿದ. ಕಳ್ಳನನ್ನು ಎತ್ತಿ ಗೋಡೆಯಾಚೆ ಎಸೆದ. ಎಸೆದು ಇನ್ನೊಬ್ಬನನ್ನು ಹಿಡಿದ. ಉಳಿದ ಆರು ಜಟ್ಟಿಗಳೂ ಹಿಡಿದರು. ಆರು ದಿನದ ಹಾಲು, ಬಾದಾಮಿ, ಸಾವಿರ ದಂಡ ಎಲ್ಲ ಆ ಒಂದು ಗಳಿಗೆಯಲ್ಲಿ ಕೆಲಸಕ್ಕೆ ಬಂದವು. ಒಬ್ಬೊಬ್ಬರು ಒಂಬತ್ತೊಂಬತ್ತು ಜನರನ್ನು ಎಸೆದರು. ಏಳೊಂಬತ್ಲಿ ಅರವತ್ಮೂರು. ಒಬ್ಬ ಲೆಕ್ಕಕ್ಕೆ ಸಿಗಲಿಲ್ಲ. ಹುಡುಕಿದರು. ಅಜ್ಜಿ ಕಾಲು ನೀಡಿ ಕೂತು, ಅವನನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಬೆನ್ನು ತಿಕ್ಕುತ್ತಿದ್ದಳು. ಅವನು ಕೂಸಿನ ಹಾಗೆ ಅಳುತ್ತಿದ್ದ.

ಜಟ್ಟಿಗಳು ಬೆವರಿ ತೊಪ್ಪೆಯಾದರು. ಸಂಜೆ ಒಲೆಗಳನ್ನು ಆರಿಸಿದರು. ಗೋಡೆಗಳು ತಣ್ಣಗಾದವು. ಏಳು ದಿನಗಳಲ್ಲಿ ಮೊದಲ ಸಲ ಊರು ಉಂಡು ಮಲಗಿತು.

ಸೋಮವಾರ ಬೆಳಿಗ್ಗೆ ಗೌಡ ಗರಡಿಗೆ ಬಂದ. ಎಮ್ಮೆ ತರಲಿಲ್ಲ. ಎಮ್ಮೆಯ ಹಾಲು ತಂದ. ಗರಡಿ ಜಟ್ಟಿಗಳದಾಗಿಯೇ ಉಳಿಯಿತು.

ಮರುವರ್ಷ ಅದೇ ಎಣ್ಣೆ ಹಚ್ಚಿಕೊಂಡು ಒಬ್ಬ ಕಳ್ಳ ಬಂದ. ಈ ಸಲ ಅಜ್ಜಿಯ ಹನ್ನೆರಡನೆಯ ಕುಡಿಕೆಯ ಜಾಗದಲ್ಲಿ ದೊಡ್ಡ ಗುಡಾಣವಿತ್ತು. ಕಳ್ಳ ಬಾಗಿಲು ದಾಟಲಿಲ್ಲ. ಅದರ ಮರುವರ್ಷ ಬೇರೆ ಊರಿನ ಕಳ್ಳರು ಬೇರೆ ಎಣ್ಣೆ ಹಚ್ಚಿಕೊಂಡು ಬಂದರು. ಜಟ್ಟಿ ಮೊದಲ ದಿನವೇ ಎಣ್ಣೆ ಕೈಯಲ್ಲಿ ಅಜ್ಜಿಯ ಓಣಿಗೆ ಓಡಿದ.

ಗುರು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಅರಳಿತು. "ತಿಳಿಯಿತು ಗುರುಗಳೇ," ಎಂದ. "ಕೆಲವು ರೋಗಾಣುಗಳ ಮೈಮೇಲೆ ಜಾರುವ ಹೊದಿಕೆಯಿದೆ. ಬಿಳಿ ಕಣಗಳಿಗೆ ಬಲವಿದ್ದರೂ ಹಿಡಿತ ಸಿಗುವುದಿಲ್ಲ. ಆ ಹೊದಿಕೆಗೆ ಸರಿಯಾಗಿ ಅಂಟುವ ಪ್ರತಿಕಾಯವೇ ಅಜ್ಜಿಯ ಪುಡಿ. ಅದು ಮೆತ್ತಿಕೊಂಡ ಮೇಲೆ ಹಿಡಿದು ನುಂಗುವುದು ಸುಲಭ. ಒಲೆಯ ಕಾವೇ ಜ್ವರ. ಆದರೆ ದೇಹದಲ್ಲೂ ಯಾರಾದರೂ ನಾಚಿಕೊಂಡು ಕೈ ತೊಳೆಯುತ್ತಾರೆಯೇ?"

"ಇಲ್ಲ. ಕಾವಲಿನ ಕಣಗಳು ರೋಗಾಣುವಿನ ಚೂರು ಸಿಕ್ಕ ಕೂಡಲೆ ಹಿಡಿದುಕೊಂಡು ಓಡುತ್ತವೆ. ಕುತ್ತಿಗೆ, ಕಂಕುಳ, ಎದೆಗೂಡು, ತೊಡೆಸಂದಿಯ ಗ್ರಂಥಿಗಳಲ್ಲಿ ಅಜ್ಜಿಯರು ಕೂತಿರುತ್ತಾರೆ. ಅವರಿಗೆ ತೋರಿಸುತ್ತವೆ."

"ಆದರೂ ಏಳು ದಿನ?"

"ಪುಡಿ ಕುಟ್ಟಬೇಕಲ್ಲ."

ಶಿಷ್ಯ ತೊಡೆ ತಟ್ಟಿ ನಕ್ಕ. "ಕಣ್ಣಿಗೆ ಕಾಣದ ಕಣಕ್ಕೆ ಇರುವ ಬುದ್ಧಿ ಆ ಜಟ್ಟಿಗೆ ಇರಲಿಲ್ಲ. ತನಗೆ ಹಿಡಿತ ಸಿಗಲಿಲ್ಲ ಎಂದು ಹೇಳಿಕೊಳ್ಳಲು ನಾಲ್ಕು ದಿನ! ಎಂಥ ದಡ್ಡ!"

ಗುರು ಅವನನ್ನು ನೋಡಿದರು.

"ಈ ಪ್ರಶ್ನೆ ನಿನಗೆ ಹುಟ್ಟಿ ಎಷ್ಟು ದಿನವಾಯಿತು?"

"ಒಂದು ತಿಂಗಳು," ಎಂದು ಶಿಷ್ಯ ತನ್ನ ಅಂಗೈ ನೋಡಿಕೊಂಡ.